ಪಾಲಿಸಿಗಿಂತ ಮೊದಲು ಆಸ್ಪತ್ರೆ ನೋಡಿ: ಕಾಸರಗೋಡಿನವರಿಗೆ ಆರೋಗ್ಯ ವಿಮೆಯ ಮಾರ್ಗದರ್ಶಿ

ಕಾಸರಗೋಡಿನ ಕನ್ನಡಿಗರ ಮನೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಕಾರು ತಿರುಗುವುದು ಮಂಗಳೂರಿನ ಕಡೆಗೆ. ಉಪ್ಪಳ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಎಲ್ಲಿಂದ ಹೊರಟರೂ ಕೊನೆಗೆ ಮುಟ್ಟುವುದು ದೇರಳಕಟ್ಟೆ, ಕಂಕನಾಡಿ ಅಥವಾ ಅತ್ತಾವರ. ಆಧಾರಿನ ವಿಳಾಸ ಕೇರಳದ್ದು, ರೇಷನ್ ಕಾರ್ಡು ಕೇರಳದ್ದು, ಆಸ್ಪತ್ರೆ ಮಾತ್ರ ಕರ್ನಾಟಕದ್ದು. ವಿಮೆ ಮಾರಲು ಬರುವವರು ಈ ಸಂಗತಿಯನ್ನು ಕೇಳುವುದೇ ಇಲ್ಲ. ಅವರು ವಯಸ್ಸು ಕೇಳುತ್ತಾರೆ, ತಿಂಗಳಿಗೆ ಎಷ್ಟು ಕಟ್ಟಬಹುದು ಎಂದು ಕೇಳುತ್ತಾರೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ನಮ್ಮ ಕಡೆಯವರು ಪಾಲಿಸಿ ಆರಿಸಬೇಕಾದ ಕ್ರಮ ಬೇರೆ. ಮೊದಲು ಆಸ್ಪತ್ರೆ, ಆಮೇಲೆ ಷರತ್ತು, ಕೊನೆಗೆ ಪ್ರೀಮಿಯಂ.

ಕೈಯಲ್ಲಿ ಏನಿದೆ ನೋಡಿಕೊಳ್ಳಿ

ಹೊಸ ಪಾಲಿಸಿಗೆ ದುಡ್ಡು ಕೊಡುವ ಮೊದಲು ಮನೆಯಲ್ಲಿ ಈಗಾಗಲೇ ಏನಿದೆ ಎಂದು ಹುಡುಕಿ. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ, ಅಂದರೆ ಕಾಸ್ಪ್, ಪಟ್ಟಿಯಲ್ಲಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಮನೆಯಲ್ಲಿ ಸರಕಾರಿ ಶಾಲೆಯ ಮೇಷ್ಟ್ರೋ, ಪಿಂಚಣಿದಾರರೋ ಇದ್ದರೆ 2022ರ ಜುಲೈಯಲ್ಲಿ ಶುರುವಾದ ಮೆಡಿಸೆಪ್ ವಿಮೆ ಇರುತ್ತದೆ. ಕರ್ನಾಟಕದ ಸರಕಾರಿ ಯೋಜನೆಗಳು ಅಲ್ಲಿನ ನಿವಾಸಿಗಳಿಗೆ. ನಮ್ಮ ರೇಷನ್ ಕಾರ್ಡು ತೋರಿಸಿದರೆ ಅಲ್ಲಿ ನಡೆಯುವುದಿಲ್ಲ.

ಕಾಸ್ಪ್ ಅಥವಾ ಮೆಡಿಸೆಪ್ ಇದ್ದವರು ಮಾಡಬೇಕಾದ ಕೆಲಸ ಒಂದೇ. ನೀವು ಹೋಗುವ ಮಂಗಳೂರಿನ ಆಸ್ಪತ್ರೆಗೆ ಫೋನ್ ಮಾಡಿ ಆ ಕಾರ್ಡು ಅಲ್ಲಿ ನಡೆಯುತ್ತದೆಯೇ, ನಡೆದರೆ ಯಾವ ವಿಭಾಗಕ್ಕೆ ಎಂದು ಕೇಳಿ. ಹೃದಯಕ್ಕೆ ನಡೆಯುವ ಕಾರ್ಡು ಮೂಳೆ ವಿಭಾಗದಲ್ಲಿ ನಡೆಯದೇ ಇರಬಹುದು. ಅಡ್ಮಿಟ್ ಆಗುವ ದಿನ ಕೇಳುವ ಪ್ರಶ್ನೆ ಇದಲ್ಲ, ಈ ವಾರವೇ ಕೇಳಿ.

ಗಲ್ಫಿನಲ್ಲಿ ದುಡಿಯುವವರ ಮನೆಗಳಿಗೆ ಇನ್ನೊಂದು ಮಾತು. ಅಲ್ಲಿನ ಕಂಪನಿ ಕೊಡುವ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಊರಿಗೆ ಮರಳಿ 55ನೇ ವಯಸ್ಸಿನಲ್ಲಿ, ಶುಗರ್ ಬಂದ ಮೇಲೆ ಹೊಸದಾಗಿ ಪಾಲಿಸಿಗೆ ಹೋದರೆ ಪ್ರೀಮಿಯಂ ಜಾಸ್ತಿ, ಇದ್ದ ಕಾಯಿಲೆಗೆ ವಿಮೆ ಸಿಗದೆ ಕಾಯುವ ಅವಧಿಯೂ ಅಲ್ಲಿಂದಲೇ ಶುರು. ಅಲ್ಲಿ ಇರುವಾಗಲೇ ಇಲ್ಲೊಂದು ಪಾಲಿಸಿ ಶುರು ಮಾಡಿಟ್ಟರೆ ಬರುವ ಹೊತ್ತಿಗೆ ಆ ಅವಧಿ ಮುಗಿದಿರುತ್ತದೆ. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ಮಕ್ಕಳ ಗುಂಪು ವಿಮೆಯನ್ನೇ ನಂಬಿಕೊಂಡ ಅಪ್ಪ ಅಮ್ಮಂದಿರ ಕಥೆಯೂ ಇದೇ. ಮಗ ಕೆಲಸ ಬಿಟ್ಟ ದಿನ ಅವರ ವಿಮೆಯೂ ಹೋಯಿತು.

ಆಸ್ಪತ್ರೆಯಿಂದ ಶುರು ಮಾಡಿ

ಒಂದು ಹಾಳೆಯಲ್ಲಿ ಮೂರು ಆಸ್ಪತ್ರೆಗಳ ಹೆಸರು ಬರೆಯಿರಿ. ಎರಡು ಮಂಗಳೂರಿನವು, ಒಂದು ಈಚೆಯದು, ಕಾಸರಗೋಡು, ಕಾಞಂಗಾಡ್ ಅಥವಾ ಕಣ್ಣೂರಿನ ಕಡೆಯದು. ಈಚೆಯದು ಯಾಕೆ ಎಂದರೆ 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿದ್ದು ನಮಗೆಲ್ಲ ನೆನಪಿದೆ. ಹೆದ್ದಾರಿಗೆ ಅಡ್ಡಲಾಗಿ ಮಣ್ಣು ಸುರಿದಿದ್ದರು. ಆಂಬುಲೆನ್ಸುಗಳು ಹಿಂದೆ ಬಂದವು, ಜೀವಗಳು ಹೋದವು. ಮಾತು ಕೊನೆಗೆ ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದೇ ಊರಿನ ಆಸ್ಪತ್ರೆಗಳನ್ನು ನೆಚ್ಚಿಕೊಂಡ ಪಾಲಿಸಿ ಗಡಿಯವರಿಗೆ ಸಾಲದು.

ಈಗ ವಿಮಾ ಕಂಪನಿಯ ವೆಬ್‌ಸೈಟಿನಲ್ಲಿ ಅದರ ಆಸ್ಪತ್ರೆ ಪಟ್ಟಿ ತೆರೆಯಿರಿ. ಇದರಲ್ಲಿರುವವನ್ನು ನೆಟ್‌ವರ್ಕ್ ಆಸ್ಪತ್ರೆ ಎನ್ನುತ್ತಾರೆ, ಅಲ್ಲಿ ಬಿಲ್ಲನ್ನು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವ ಕ್ಯಾಶ್‌ಲೆಸ್ ಸೌಲಭ್ಯ ಇರುತ್ತದೆ. ಏಜೆಂಟರು ನಿಮ್ಮ ವಿಳಾಸದ ಪಿನ್‌ಕೋಡ್ ಹಾಕಿ, 671ರಿಂದ ಶುರುವಾಗುವ ಪಟ್ಟಿ ತೋರಿಸುತ್ತಾರೆ. ನಿಮಗೆ ಬೇಕಾದ್ದು 575ರಿಂದ ಶುರುವಾಗುವ ಮಂಗಳೂರಿನ ಪಟ್ಟಿ. ಎರಡನ್ನೂ ನೋಡಿ. ಪಟ್ಟಿಯಲ್ಲಿ ಹೆಸರು ಕಂಡಿತು ಎಂದು ಅಲ್ಲಿಗೇ ನಿಲ್ಲಬೇಡಿ, ಆಸ್ಪತ್ರೆಗೂ ಕಂಪನಿಗೂ ಒಪ್ಪಂದ ಮುರಿಯುವುದು, ಮತ್ತೆ ಆಗುವುದು ನಡೆದೇ ಇರುತ್ತದೆ. ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿಗೆ ಫೋನ್ ಮಾಡಿ, 'ಈ ಕಂಪನಿಯ ಕ್ಯಾಶ್‌ಲೆಸ್ ಈಗ ನಿಮ್ಮಲ್ಲಿ ನಡೀತಿದೆಯಾ' ಎಂದು ಕೇಳಿ. ಅಲ್ಲಿ ಕೂತವರು ದಿನವೂ ಹತ್ತಾರು ಕಂಪನಿಗಳ ಜೊತೆ ಮಾತಾಡುವವರು. ಯಾವ ಕಂಪನಿ ಬೇಗ ಒಪ್ಪಿಗೆ ಕೊಡುತ್ತದೆ, ಯಾವುದು ಸುಮ್ನೆ ಪ್ರಶ್ನೆ ಹಾಕಿ ಸಂಜೆಯವರೆಗೆ ಕೂರಿಸುತ್ತದೆ ಎಂದು ಅವರಿಗೆ ಗೊತ್ತು. ಸಾಧ್ಯವಾದರೆ ನೇರವಾಗಿ ಹೋಗಿ ಕೇಳಿ.

ಝೋನ್ ಎಂಬುದನ್ನೂ ಇಲ್ಲಿಯೇ ನೋಡಿಕೊಳ್ಳಿ. ಎಷ್ಟೋ ಪಾಲಿಸಿಗಳು ಊರುಗಳನ್ನು ಎರಡು ಮೂರು ಝೋನುಗಳಾಗಿ ಹಂಚಿ, ದೊಡ್ಡ ನಗರದವರಿಗೆ ಹೆಚ್ಚು, ಉಳಿದವರಿಗೆ ಕಡಿಮೆ ಪ್ರೀಮಿಯಂ ಇಡುತ್ತವೆ. ಕಡಿಮೆ ದರದ ಝೋನಿನವರು ಮೇಲಿನ ಝೋನಿನ ಊರಿಗೆ ಹೋಗಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ಕೈಯಿಂದ ಕೊಡಬೇಕಾಗಬಹುದು. ಆದ್ದರಿಂದ ಕಾಸರಗೋಡು ಯಾವ ಝೋನು, ಮಂಗಳೂರು ಯಾವ ಝೋನು, ಬೆಂಗಳೂರಿಗೆ ಹೋದರೆ ಏನು, ಈ ಮೂರಕ್ಕೂ ಉತ್ತರವನ್ನು ಇಮೇಲ್ ಅಥವಾ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ.

ರೂಮ್ ಬಾಡಿಗೆಯ ಸಾಲು

ಪಾಲಿಸಿಯಲ್ಲಿ ಒಂದೇ ಸಾಲು ಓದಲು ಸಮಯ ಇದ್ದರೆ ರೂಮ್ ಬಾಡಿಗೆಯ ಸಾಲು ಓದಿ. ಜನ ಅತಿ ಹೆಚ್ಚು ದುಡ್ಡು ಕಳಕೊಳ್ಳುವುದು ಇಲ್ಲಿ. ಹೇಗೆಂದು ಒಂದು ಬಿಲ್ಲು ಇಟ್ಟುಕೊಂಡು ನೋಡೋಣ.

ನಿಮ್ಮ ವಿಮಾ ಮೊತ್ತ 3 ಲಕ್ಷ. ರೂಮಿಗೆ ದಿನಕ್ಕೆ ಶೇಕಡಾ 1 ಎಂದು ಬರೆದಿದೆ, ಅಂದರೆ 3,000 ರೂಪಾಯಿ. ನೀವು ದಿನಕ್ಕೆ 6,000ದ ರೂಮ್ ತೆಗೆದುಕೊಂಡು 5 ದಿನ ಇದ್ದಿರಿ. ರೂಮಿಗೆ 30,000. ಸರ್ಜರಿ, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,20,000. ಮದ್ದು, ಟೆಸ್ಟು, ಒಳಗೆ ಹಾಕಿದ ಪ್ಲೇಟು 50,000. ಗ್ಲೌಸು, ಮಾಸ್ಕು ಮುಂತಾದ್ದಕ್ಕೆ 8,000. ಒಟ್ಟು ಬಿಲ್ಲು 2,08,000.

ವಿಮೆ 3 ಲಕ್ಷ ಇದೆ, ಬಿಲ್ಲು 2 ಲಕ್ಷ, ರೂಮಿನ ವ್ಯತ್ಯಾಸ 15,000 ಕೊಟ್ಟರೆ ಆಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕಂಪನಿಯ ಲೆಕ್ಕ ಬೇರೆ. ನೀವು ಮಿತಿಯ ಎರಡರಷ್ಟು ಬಾಡಿಗೆಯ ರೂಮಿನಲ್ಲಿ ಇದ್ದಿರಿ, ದೊಡ್ಡ ರೂಮಿಗೆ ಡಾಕ್ಟರ ಫೀಸೂ ಸರ್ಜರಿ ದರವೂ ಹೆಚ್ಚು, ಹಾಗಾಗಿ ಆ 1,20,000ದಲ್ಲೂ ಅರ್ಧ ಮಾತ್ರ ಕೊಡುತ್ತೇವೆ ಎನ್ನುತ್ತದೆ. ರೂಮಿಗೆ 15,000, ಸರ್ಜರಿ ಬಾಬ್ತು 60,000, ಮದ್ದು ಮತ್ತು ಪ್ಲೇಟಿಗೆ ಪೂರ್ತಿ 50,000, ಗ್ಲೌಸಿಗೆ ಸೊನ್ನೆ. ಬರುವುದು 1,25,000. ನಿಮ್ಮ ಕೈಯಿಂದ 83,000. ಇದರ ಮೇಲೆ ಶೇಕಡಾ 20ರ ಕೋ-ಪೇ, ಅಂದರೆ ಬರಬೇಕಾದ ಮೊತ್ತದಲ್ಲಿ ಅಷ್ಟು ಪಾಲು ನೀವೇ ಹೊರುವ ಷರತ್ತು, ಇದ್ದರೆ ಬರುವುದು 1 ಲಕ್ಷಕ್ಕೆ ಇಳಿಯುತ್ತದೆ.

ಮದ್ದು, ಟೆಸ್ಟು, ಒಳಗೆ ಹಾಕುವ ಸಾಧನಗಳಿಗೆ ಹೀಗೆ ಪಾಲು ಕತ್ತರಿಸುವಂತಿಲ್ಲ ಎಂಬುದು ನಿಯಮ. ಐಸಿಯು ಬಾಬ್ತಿಗೂ ಕತ್ತರಿಸುವಂತಿಲ್ಲ. ಕತ್ತರಿಸಿದ್ದರೆ ಪ್ರಶ್ನಿಸಿ.

ಹಾಗಾಗಿ ರೂಮ್ ಮಿತಿ ಇಲ್ಲದ ಅಥವಾ 'ಸಿಂಗಲ್ ಪ್ರೈವೇಟ್ ರೂಮ್' ಎಂದು ಬರೆದ ಪಾಲಿಸಿ ಒಳ್ಳೆಯದು. ಅಂಥದ್ದಕ್ಕೆ ದುಡ್ಡು ಸಾಲದೆ ಮಿತಿ ಇರುವ ಪಾಲಿಸಿ ತೆಗೆದುಕೊಂಡಿದ್ದರೂ ಹೆದರಬೇಕಿಲ್ಲ. ಅಡ್ಮಿಟ್ ಆಗುವಾಗ ನಿಮ್ಮ ಮಿತಿ ಎಷ್ಟೆಂದು ಕೌಂಟರಿನಲ್ಲಿ ಹೇಳಿ, ಅದರೊಳಗಿನ ರೂಮ್ ಕೇಳಿ. ಅಲ್ಲಿಗೆ ಬಿಲ್ಲಿನ ಅರ್ಧ ಸಮಸ್ಯೆ ಮುಗಿಯಿತು. ಮನೆಯವರೆಲ್ಲರಿಗೂ ಈ ಅಂಕಿ ಗೊತ್ತಿರಬೇಕು, ಯಾಕೆಂದರೆ ಆ ಹೊತ್ತಿಗೆ ಕೌಂಟರಿನಲ್ಲಿ ನಿಲ್ಲುವವರು ರೋಗಿ ಅಲ್ಲ, ತಮ್ಮನೋ ಅಳಿಯನೋ ಆಗಿರುತ್ತಾರೆ.

ಪ್ರೀಮಿಯಂ ಲೆಕ್ಕ

ಪ್ರೀಮಿಯಂ ವಯಸ್ಸು, ಮೊತ್ತ, ಝೋನು ಮತ್ತು ಇರುವ ಕಾಯಿಲೆಯ ಮೇಲೆ ನಿಲ್ಲುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಪಾಲಿಸಿಯೋ, ಮನೆಗೆಲ್ಲ ಒಂದೇ ಫ್ಯಾಮಿಲಿ ಫ್ಲೋಟರೋ? ಫ್ಲೋಟರಿನಲ್ಲಿ ದರ ಕಟ್ಟುವುದು ಅತಿ ಹಿರಿಯರ ವಯಸ್ಸಿನ ಮೇಲೆ. ಗಂಡ, ಹೆಂಡತಿ, ಸಣ್ಣ ಮಕ್ಕಳಿಗೆ ಅದು ಸರಿ. 65ರ ಅಪ್ಪನನ್ನು ಅದರೊಳಗೆ ಸೇರಿಸಿದರೆ ಎಲ್ಲರ ದರವೂ ಏರುತ್ತದೆ, ಅವರೊಬ್ಬರ ಚಿಕಿತ್ಸೆಗೆ ಮೊತ್ತವೆಲ್ಲ ಖಾಲಿಯಾದರೆ ಮಕ್ಕಳಿಗೆ ಉಳಿಯುವುದಿಲ್ಲ. ಅಪ್ಪ ಅಮ್ಮನಿಗೆ ಪ್ರತ್ಯೇಕ ಪಾಲಿಸಿಯೇ ಮಾಡಿಸಿ. 65 ದಾಟಿತು ಎಂದು ಯಾರಾದರೂ ವಾಪಸು ಕಳಿಸಿದರೆ ನಂಬಬೇಡಿ. 2024ರ ಏಪ್ರಿಲಿನಿಂದ ಆ ವಯಸ್ಸಿನ ಗೆರೆ ನಿಯಮದಲ್ಲಿಲ್ಲ, ಎಲ್ಲ ವಯಸ್ಸಿನವರಿಗೂ ಕಂಪನಿಗಳು ಏನಾದರೊಂದು ಪಾಲಿಸಿ ಕೊಡಬೇಕು.

ಮೊದಲ ವರ್ಷದ ದರ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ. ಈಗ 38 ಆಗಿದ್ದರೆ 46ಕ್ಕೆ ಎಷ್ಟು, 61ಕ್ಕೆ ಎಷ್ಟು ಎಂದು ಅದೇ ಕಂಪನಿಯ ದರಪಟ್ಟಿ ಕೇಳಿ. ಹಿರಿಯ ನಾಗರಿಕರಿಗೆ ವರ್ಷಕ್ಕೆ ಶೇಕಡಾ 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ಮೊದಲು ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ಜೊತೆ ಮಾತಾಡಬೇಕು ಎಂದು 2025ರ ಜನವರಿಯಲ್ಲಿ ಆದೇಶ ಬಂದಿದೆ. ನೀವು ಒಮ್ಮೆ ಕ್ಲೇಮ್ ಮಾಡಿದಿರಿ ಎಂಬ ಕಾರಣಕ್ಕೆ ನಿಮ್ಮೊಬ್ಬರ ದರ ಏರಿಸುವುದಾಗಲಿ, ನವೀಕರಣ ನಿಲ್ಲಿಸುವುದಾಗಲಿ ಆಗುವುದಿಲ್ಲ.

ವೈಯಕ್ತಿಕ ಆರೋಗ್ಯ ವಿಮೆಗೆ ಇದ್ದ ಶೇಕಡಾ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಸೊನ್ನೆಯಾಗಿದೆ. ಆ ತಾರೀಖಿನ ಈಚೆಯ ರಸೀದಿಯಲ್ಲಿ ಜಿಎಸ್‌ಟಿ ಎಂದು ಸೇರಿಸಿದ್ದರೆ ಕೇಳಿ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ ತಮ್ಮ ಮತ್ತು ಮಡದಿ ಮಕ್ಕಳ ಪ್ರೀಮಿಯಂಗೆ 25,000, ಹಿರಿಯ ನಾಗರಿಕರಾದ ತಂದೆ ತಾಯಿಯ ಪ್ರೀಮಿಯಂಗೆ 50,000ವರೆಗೆ ವಿನಾಯಿತಿ ಉಂಟು. ನಗದು ಕೊಟ್ಟಿದ್ದರೆ ಸಿಗುವುದಿಲ್ಲ.

ಕೈ ಬಿಗಿ ಇರುವವರಿಗೆ ಆರೋಗ್ಯ ಸಂಜೀವನಿ ನೋಡಬಹುದು. 2020ರ ಏಪ್ರಿಲಿನಿಂದ ಎಲ್ಲ ಕಂಪನಿಗಳಲ್ಲೂ ಒಂದೇ ಷರತ್ತಿನಲ್ಲಿ ಸಿಗುವ ಪಾಲಿಸಿ ಇದು. ಶೇಕಡಾ 5 ನಿಮ್ಮ ಪಾಲು, ರೂಮಿಗೆ ಮೊತ್ತದ ಶೇಕಡಾ 2, ಹೆಚ್ಚೆಂದರೆ ದಿನಕ್ಕೆ 5,000. ಷರತ್ತು ಒಂದೇ ಆದ್ದರಿಂದ ಕಂಪನಿಗಳ ದರವನ್ನು ಅಕ್ಕಪಕ್ಕ ಇಟ್ಟು ನೋಡಲು ಸುಲಭ. ದೊಡ್ಡ ಮೊತ್ತ ಬೇಕಿದ್ದರೆ 5 ಲಕ್ಷದ ಮೂಲ ಪಾಲಿಸಿಯ ಮೇಲೆ, ಆ ಮೊತ್ತ ದಾಟಿದ ಬಿಲ್ಲನ್ನು ಕೊಡುವ ಸೂಪರ್ ಟಾಪ್-ಅಪ್ ಹಾಕುವುದು 15 ಲಕ್ಷದ ಒಂದೇ ಪಾಲಿಸಿಗಿಂತ ಸಾಮಾನ್ಯವಾಗಿ ಅಗ್ಗ. ಬರೀ ಟಾಪ್-ಅಪ್ ಬೇಡ. ಅದು ಒಂದೊಂದು ಅಡ್ಮಿಷನ್ನಿನ ಬಿಲ್ಲನ್ನು ಬೇರೆ ಬೇರೆ ನೋಡುತ್ತದೆ, ಸೂಪರ್ ಟಾಪ್-ಅಪ್ ವರ್ಷದ ಬಿಲ್ಲುಗಳನ್ನೆಲ್ಲ ಕೂಡಿಸಿ ನೋಡುತ್ತದೆ.

ಅಡಿಕೆ ಮರ ಹತ್ತುವವರು, ತೋಟಕ್ಕೆ ಮದ್ದು ಬಿಡುವವರು ಮನೆಯಲ್ಲಿದ್ದರೆ ಅಪಘಾತ ವಿಮೆ ಬೇರೆಯೇ ಬೇಕು. ಬಿದ್ದು ಸೊಂಟ ಮುರಿದರೆ ಆರೋಗ್ಯ ವಿಮೆ ಆಸ್ಪತ್ರೆ ಬಿಲ್ಲು ಮಾತ್ರ ಕೊಡುತ್ತದೆ, ಆಮೇಲಿನ ದುಡಿಮೆಗೆ ಕೊಡುವುದಿಲ್ಲ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದಿಂದ ಸಾವು ಅಥವಾ ಪೂರ್ಣ ಅಂಗವಿಕಲತೆ ಆದರೆ 2 ಲಕ್ಷ ಸಿಗುತ್ತದೆ. 18ರಿಂದ 70 ವಯಸ್ಸಿನವರು ಸೇರಬಹುದು.

ಅರ್ಜಿ ತುಂಬುವ ದಿನ

ಫಾರಂ ಇಂಗ್ಲಿಷಿನಲ್ಲಿ ಇರುತ್ತದೆ, ಏಜೆಂಟರು ಮಲಯಾಳದಲ್ಲಿ ವಿವರಿಸುತ್ತಾರೆ, ಸಹಿ ಹಾಕುವ ಅಜ್ಜಿಗೆ ಗೊತ್ತಿರುವುದು ಕನ್ನಡವೋ ತುಳುವೋ. ನಮ್ಮ ಕಡೆ ಆಗುವ ಮುಕ್ಕಾಲು ತೊಂದರೆ ಇಲ್ಲಿ ಹುಟ್ಟುತ್ತದೆ. 'ಬಿಪಿ, ಶುಗರ್ ಬರೆಯೋದು ಬೇಡ, ಪ್ರೀಮಿಯಂ ಜಾಸ್ತಿ ಆಗ್ತದೆ, ಏನೂ ಆಗೋದಿಲ್ಲ' ಎಂದು ಹೇಳುವ ಏಜೆಂಟರಿದ್ದಾರೆ. ಖಂಡಿತ ಒಪ್ಪಬೇಡಿ. ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ಕ್ಲೇಮ್ ಹೋಗುತ್ತದೆ, ಪಾಲಿಸಿಯೂ ರದ್ದಾಗಬಹುದು. ಆ ಹೊತ್ತಿಗೆ ಏಜೆಂಟರು ಸಿಗುವುದಿಲ್ಲ, ಸಹಿ ನಿಮ್ಮದಾಗಿರುತ್ತದೆ.

ಫಾರಂ ತುಂಬುವಾಗ ಓದಲು ಬರುವ ಮಕ್ಕಳೊಬ್ಬರು ಪಕ್ಕದಲ್ಲಿ ಕೂರಲಿ. ಹಳೆಯ ಆಪರೇಷನ್, ದಿನವೂ ನುಂಗುವ ಮಾತ್ರೆ, ಥೈರಾಯ್ಡ್, ಎಲ್ಲ ಬರೆಸಿ. ಖಾಲಿ ಫಾರಂಗೆ ಸಹಿ ಬೇಡ. ಒಟಿಪಿಯನ್ನು ಫೋನಿನಲ್ಲಿ ಹೇಳಿ ಮುಗಿಸುವುದೂ ಸಹಿ ಹಾಕಿದಂತೆಯೇ. ತುಂಬಿದ ಫಾರಂನ ಪ್ರತಿ ತೆಗೆದಿಡಿ. ಪಾಲಿಸಿಯ ಮುಖ್ಯ ಷರತ್ತುಗಳನ್ನು ಸರಳವಾಗಿ ಹೇಳುವ ಗ್ರಾಹಕ ಮಾಹಿತಿ ಹಾಳೆಯನ್ನು ಕಂಪನಿ ಕೊಡಲೇಬೇಕು, ಕೇಳಿದರೆ ಸ್ಥಳೀಯ ಭಾಷೆಯಲ್ಲೂ ಕೊಡಬೇಕು. ಕನ್ನಡದಲ್ಲಿ ಬೇಕು ಎಂದು ಬರೆದು ಕೇಳಿ. ಗಡಿನಾಡಿನಲ್ಲಿ ನಾವು ಕೇಳದೆ ಇದ್ದರೆ ಯಾರೂ ಕೊಡುವುದಿಲ್ಲ.

ಕಾಯುವ ಅವಧಿ ಮೂರು ಬಗೆ. ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದೂ ಇಲ್ಲ. ಹರ್ನಿಯಾ, ಕಣ್ಣಿನ ಪೊರೆಯಂಥ ಪಟ್ಟಿ ಮಾಡಿದ ಕಾಯಿಲೆಗಳಿಗೆ ಸಾಮಾನ್ಯವಾಗಿ 2 ವರ್ಷ. ಮೊದಲೇ ಇದ್ದ ಕಾಯಿಲೆಗೆ ಹೆಚ್ಚೆಂದರೆ 3 ವರ್ಷ, 2024ಕ್ಕೆ ಮೊದಲು ಇದು 4 ವರ್ಷ ಇತ್ತು. ಸತತ 5 ವರ್ಷ ಕಟ್ಟಿದ ಮೇಲೆ, ವಂಚನೆ ಸಾಬೀತು ಮಾಡದೆ, 'ನೀವು ಹೇಳಿರಲಿಲ್ಲ' ಎಂದು ಕಂಪನಿ ಕ್ಲೇಮ್ ತಳ್ಳುವಂತಿಲ್ಲ. ಅದಕ್ಕೇ ಒಂದು ವರ್ಷವೂ ಕಂತು ತಪ್ಪಿಸಬೇಡಿ. ಕಂಪನಿ ಇಷ್ಟವಾಗದಿದ್ದರೆ ನವೀಕರಣಕ್ಕೆ 45 ದಿನ ಮೊದಲೇ ಪೋರ್ಟ್ ಮಾಡಲು, ಅಂದರೆ ಬೇರೆ ಕಂಪನಿಗೆ ಬದಲಾಯಿಸಲು, ಅರ್ಜಿ ಹಾಕಿ. ಕಾದ ಅವಧಿ ನಿಮ್ಮ ಜೊತೆ ಬರುತ್ತದೆ.

ಮಾರುವವರ ಮಾತು

'ತಿಂಗಳಿಗೆ ಇಷ್ಟೇ ರೂಪಾಯಿಂದ ಶುರು' ಎಂಬ ಜಾಹೀರಾತಿನ ದರ 20ರ ಆಸುಪಾಸಿನ, ಕಾಯಿಲೆ ಇಲ್ಲದ ಒಬ್ಬ ವ್ಯಕ್ತಿಯದು. ದರ ನೋಡೋಣ ಎಂದು ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್ ಹಾಕಿದ ಕ್ಷಣದಿಂದ ಕರೆಗಳು ಶುರು. 'ನಾಳೆಯಿಂದ ದರ ಏರ್ತದೆ, ಇವತ್ತೇ ಕಟ್ಟಿ' ಎನ್ನುತ್ತಾರೆ. ಒಂದು ವಾರ ಬಿಟ್ಟು ನೋಡಿ, ಹೆಚ್ಚಾಗಿ ಅದೇ ದರ ಇರುತ್ತದೆ. ಕರೆ ಬೇಡವಾದರೆ 1909ಕ್ಕೆ ಮೆಸೇಜ್ ಅಥವಾ ಫೋನ್ ಮಾಡಿ ಡಿಎನ್‌ಡಿ ಹಾಕಿಸಿ.

ಬ್ಯಾಂಕಿನಲ್ಲಿ ಸಾಲಕ್ಕೆ ಹೋದಾಗ ವಿಮೆಯ ಫಾರಂ ಜೊತೆಗೆ ಇಡುತ್ತಾರೆ. ಸಾಲ ಬೇಕಿದ್ದರೆ ನಮ್ಮ ಆರೋಗ್ಯ ವಿಮೆ ತೆಗೆದುಕೊಳ್ಳಲೇಬೇಕು ಎಂದು ಕಡ್ಡಾಯ ಮಾಡಲು ಬ್ಯಾಂಕಿಗೆ ಹಕ್ಕಿಲ್ಲ. 'ಮೊದಲ ವರ್ಷದ ಕಮಿಷನ್ ನಿಮಗೇ ವಾಪಸ್ ಕೊಡ್ತೇನೆ' ಎನ್ನುವವರೂ ಇದ್ದಾರೆ. 1938ರ ವಿಮಾ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ಅದು ತಪ್ಪು, ತೆಗೆದುಕೊಂಡವರಿಗೂ ದಂಡ ಉಂಟು. ಐಆರ್‌ಡಿಎಐಯಿಂದ ಮಾತಾಡ್ತಿದ್ದೇವೆ, ನಿಮಗೆ ಬೋನಸ್ ಬಂದಿದೆ ಎಂಬ ಕರೆ ಪೂರ್ತಿ ಮೋಸ. ಆ ಸಂಸ್ಥೆ ಪಾಲಿಸಿ ಮಾರುವುದಿಲ್ಲ, ಬೋನಸ್ ಹಂಚುವುದಿಲ್ಲ. ಆಸ್ಪತ್ರೆಯೋ ಖಾಸಗಿ ಸಂಸ್ಥೆಯೋ ಕೊಡುವ ಡಿಸ್ಕೌಂಟ್ ಕಾರ್ಡು ವಿಮೆ ಅಲ್ಲ ಎಂಬುದೂ ನೆನಪಿರಲಿ. ದುಡ್ಡು ಯಾವಾಗಲೂ ಕಂಪನಿಯ ಹೆಸರಿಗೇ ಹೋಗಬೇಕು, ಏಜೆಂಟರ ಗೂಗಲ್ ಪೇಗೆ ಅಲ್ಲ.

ಪಾಲಿಸಿ ಕೈಸೇರಿದ ಮೇಲೆ 30 ದಿನ ಸಮಯ ಇದೆ. ಅಷ್ಟರಲ್ಲಿ ಓದಿ ನೋಡಿ, ಹೇಳಿದ್ದು ಬೇರೆ ಬರೆದದ್ದು ಬೇರೆ ಎಂದು ಕಂಡರೆ ವಾಪಸು ಕೊಡಬಹುದು. ಸ್ವಲ್ಪ ಕಡಿತ ಮಾಡಿ ದುಡ್ಡು ಮರಳಿಸುತ್ತಾರೆ. ಹೆಸರು, ಜನ್ಮ ದಿನಾಂಕ, ಬರೆಸಿದ ಕಾಯಿಲೆ ಸರಿಯಾಗಿ ಬಂದಿದೆಯೇ ಎಂದೂ ಆಗಲೇ ನೋಡಿ.

ಅಡ್ಮಿಟ್ ಆದಾಗ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕ್ಯಾಶುವಾಲ್ಟಿಯಲ್ಲಿ ಕಿರಿಯ ಡಾಕ್ಟರು 'ಶುಗರ್ ಉಂಟಾ, ಎಷ್ಟು ಸಮಯ ಆಯ್ತು' ಎಂದು ಕೇಳುತ್ತಾರೆ. ಗಾಬರಿಯಲ್ಲಿರುವ ಸೊಸೆ 'ಓ, ಒಂದು ಹತ್ತು ವರ್ಷ ಆಗಿರಬಹುದು' ಎನ್ನುತ್ತಾಳೆ. ನಿಜದಲ್ಲಿ ಆಗಿರುವುದು 4 ವರ್ಷ. ಆದರೆ ಕೇಸ್ ಶೀಟಿನಲ್ಲಿ 10 ವರ್ಷ ಎಂದು ಇಂಗ್ಲಿಷಿನಲ್ಲಿ ಬರೆದಾಯಿತು, ಅದೇ ಡಿಸ್ಚಾರ್ಜ್ ಸಮ್ಮರಿಗೂ ಹೋಯಿತು. ನಾಲ್ಕೂವರೆ ವರ್ಷದ ಹಿಂದೆ ಪಾಲಿಸಿ ಮಾಡಿಸುವಾಗ ಶುಗರ್ ಇಲ್ಲ ಎಂದು ಬರೆದದ್ದು ಈಗ ಸುಳ್ಳಾಗಿ ಕಾಣುತ್ತದೆ. ಕ್ಲೇಮ್ ನಿಂತಿತು.

ಸತ್ಯವನ್ನೇ ಹೇಳಿ, ಅಂದಾಜು ಹೇಳಬೇಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಊರಿನ ಡಾಕ್ಟರ ಹಳೆ ಚೀಟಿಗಳ ಫೈಲು ಕೊಡಿ. ಡಿಸ್ಚಾರ್ಜ್ ಆಗುವ ಮೊದಲು ಸಮ್ಮರಿಯನ್ನು ಓದಿಸಿ ಕೇಳಿ. ತಪ್ಪಿದ್ದರೆ ಅಲ್ಲೇ ಡಾಕ್ಟರ ಹತ್ತಿರ ದಾಖಲೆ ತೋರಿಸಿ ತಿದ್ದಿಸಿ. ಮನೆಗೆ ಬಂದ ಮೇಲೆ ತಿದ್ದಿಸುವುದು ಬಹಳ ಕಷ್ಟ.

ಮೊದಲೇ ಗೊತ್ತಿರುವ ಆಪರೇಷನ್ ಆದರೆ ಎರಡು ದಿನ ಮುಂಚೆ ಕಂಪನಿಗೆ ತಿಳಿಸಿ, ತುರ್ತಾಗಿದ್ದರೆ 24 ಗಂಟೆಯೊಳಗೆ. ಕ್ಯಾಶ್‌ಲೆಸ್ ಅರ್ಜಿಗೆ ಕಂಪನಿ 1 ಗಂಟೆಯಲ್ಲಿ ಉತ್ತರ ಕೊಡಬೇಕು, ಡಿಸ್ಚಾರ್ಜಿನ ಕೊನೆಯ ಒಪ್ಪಿಗೆ 3 ಗಂಟೆಯಲ್ಲಿ. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚಿನ ದುಡ್ಡು ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು ಎಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಕ್ಯಾಶ್‌ಲೆಸ್ ಆಗಲಿಲ್ಲ ಎಂದರೆ ಕ್ಲೇಮೇ ಹೋಯಿತು ಎಂದಲ್ಲ. ಬಿಲ್ಲು ಕಟ್ಟಿ, ಆಮೇಲೆ ಮರುಪಾವತಿಗೆ ಹಾಕಬಹುದು. ಕಾಸರಗೋಡಿನಲ್ಲಿ ಮೊದಲು ತೋರಿಸಿದ ಕ್ಲಿನಿಕ್ಕಿನ ಚೀಟಿ, ಸ್ಕ್ಯಾನಿಂಗ್ ರಸೀದಿ, ಬಿಡುಗಡೆಯಾದ ಮೇಲಿನ ಮದ್ದಿನ ಬಿಲ್ಲು ಎಲ್ಲ ಇಟ್ಟುಕೊಳ್ಳಿ. ಅಡ್ಮಿಷನ್‌ಗೆ ಮೊದಲಿನ 30 ದಿನ, ನಂತರದ 60 ದಿನದ ಖರ್ಚು ಹೆಚ್ಚಿನ ಪಾಲಿಸಿಗಳಲ್ಲಿ ಸಿಗುತ್ತದೆ. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ಕ್ಲೇಮ್ ತಳ್ಳಿಹಾಕಿದರೆ

ಪಾಲಿಸಿಯ ಯಾವ ಷರತ್ತಿನ ಪ್ರಕಾರ ತಳ್ಳಿದ್ದೀರಿ ಎಂದು ಬರಹದಲ್ಲಿ ಕೇಳಿ. ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆ ಇಲ್ಲದೆ ಕ್ಲೇಮ್ ತಳ್ಳುವಂತಿಲ್ಲ. ಮೊದಲ ದೂರು ಕಂಪನಿಯ ದೂರು ವಿಭಾಗಕ್ಕೆ. ಜೊತೆಗೆ ಐಆರ್‌ಡಿಎಐಯ ಬಿಮಾ ಭರೋಸಾ ತಾಣದಲ್ಲಿ ಅಥವಾ 155255 ನಂಬರಿನಲ್ಲಿ ದಾಖಲಿಸಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿ ಕಾಣದಿದ್ದರೆ, ಇಂಥ ದೂರುಗಳನ್ನು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಆಸ್ಪತ್ರೆ ಮಂಗಳೂರಿನದ್ದಾದರೂ ಕಾಸರಗೋಡಿನ ವಿಳಾಸದವರಿಗೆ ಕೊಚ್ಚಿಯ ಕಚೇರಿ. ಫೀಸಿಲ್ಲ, ವಕೀಲರು ಬೇಡ, ಆನ್‌ಲೈನಿನಲ್ಲಿ ದೂರು ಕೊಡಬಹುದು. 50 ಲಕ್ಷದವರೆಗಿನ ಪರಿಹಾರ ಅವರ ಕೈಯಲ್ಲಿದೆ, ಅವರ ತೀರ್ಪಿಗೆ ಕಂಪನಿ ಬದ್ಧ. ಕಂಪನಿ ಕೊನೆಯ ಉತ್ತರ ಕೊಟ್ಟ ಒಂದು ವರ್ಷದೊಳಗೆ ಹೋಗಬೇಕು.

ಅದೇ ವಿಷಯಕ್ಕೆ ಗ್ರಾಹಕ ಆಯೋಗದಲ್ಲಿ ಕೇಸು ಹಾಕಿದ್ದರೆ ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಮೊದಲು ಕೊಚ್ಚಿಗೆ ಬರೆಯುವುದು ಒಳ್ಳೆಯದು. ಅಲ್ಲಿ ನ್ಯಾಯ ಸಿಗದಿದ್ದರೆ ಆಯೋಗದ ದಾರಿ ತೆರೆದೇ ಇರುತ್ತದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಅದಕ್ಕೆ ಎರಡು ವರ್ಷ ಸಮಯ. ಕಂಪನಿಯ ಹೆಡ್ ಆಫೀಸು ಮುಂಬಯಿಯಲ್ಲಿರಲಿ, ಚೆನ್ನೈಯಲ್ಲಿರಲಿ, ಉತ್ತರ ಹೇಳಲು ಅವರೇ ಕಾಸರಗೋಡಿನ ಜಿಲ್ಲಾ ಆಯೋಗಕ್ಕೆ ಬರಬೇಕು.